ನೆರೆ ಇಳಿದ ಮೇಲೆ ಊರು ಕಟ್ಟಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

2019ರ ಆಗಸ್ಟ್‌ನಲ್ಲಿ ಮಲಪ್ರಭಾ ದಂಡೆಯ ಒಂದು ಊರಿಗೆ ನಾವು ಏಳು ಜನ ಹೋಗಿದ್ದೆವು. ಶನಿವಾರ ಹೋಗಿ ಸೋಮವಾರ ಆಫೀಸಿಗೆ ವಾಪಸ್ ಅನ್ನೋ ಲೆಕ್ಕ. ಆ ಲೆಕ್ಕ ತಪ್ಪಿತು. ಮುಂದಿನ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಎಲ್ಲರನ್ನೂ ಮನೆಯಲ್ಲಿ ಕೂರಿಸುವವರೆಗೂ ತಿಂಗಳಿಗೊಂದು ಸಲ ಹೋಗಿ ಬರುತ್ತಲೇ ಇದ್ದೆವು. ಈಗ ಎಲ್ಲಿ ನೆರೆ ಬಂದರೂ, ಎಲ್ಲಿ ಗುಡ್ಡ ಕುಸಿದರೂ ನಮ್ಮ ಫೋನಿಗೆ ಅದೇ ಪ್ರಶ್ನೆಗಳು ಬರುತ್ತವೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಮಗೆ ಗೊತ್ತಿರುವುದು ಹೆಚ್ಚಾಗಿ ಉತ್ತರ ಕರ್ನಾಟಕದ ಹೊಳೆ ದಂಡೆಯ ಊರುಗಳ ಮಾತು. ಬೇರೆ ಕಡೆಗೆ ಎಷ್ಟು ಹೊಂದುತ್ತೋ ಅಷ್ಟು ತೆಗೆದುಕೊಳ್ಳಿ.

ಟಿವಿಯಲ್ಲಿ ನೋಡಿದ ಕೂಡಲೇ ಹೊರಟುಬಿಡೋಣ ಅನಿಸ್ತಿದೆ. ಹೊರಡಲಾ?

ಬೇಡ. ಮೊದಲ ಕೆಲವು ದಿನ ಎನ್‌ಡಿಆರ್‌ಎಫ್, ಅಗ್ನಿಶಾಮಕ ದಳ, ಸೇನೆ, ಪೊಲೀಸರು ಮತ್ತು ಆ ಊರಿನ ಈಜು ಬಲ್ಲವರ ಕೆಲಸ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದಾಗ 190 ಅಡಿ ಉದ್ದದ ಬೈಲಿ ಸೇತುವೆ (ಉಕ್ಕಿನ ಬಿಡಿಭಾಗ ಜೋಡಿಸಿ ಬೇಗ ನಿಲ್ಲಿಸುವಂಥದ್ದು) ಕಟ್ಟಿದ್ದು ನಮ್ಮ ಬೆಂಗಳೂರಿನ ಹಲಸೂರಿನಲ್ಲೇ ನೆಲೆ ಇರುವ, ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು. ಆ ಹೊತ್ತಿನಲ್ಲಿ ನನ್ನಂಥವನು ಅಲ್ಲಿದ್ದರೆ ರಸ್ತೆಯಲ್ಲಿ ಇನ್ನೊಂದು ಕಾರು ಜಾಸ್ತಿ ಆಗುತ್ತಿತ್ತು, ಅಷ್ಟೇ.

ನಮ್ಮ ಅನುಭವವನ್ನೇ ಹೇಳ್ತೀನಿ. ಮೊದಲ ಸಲ ಹೋದಾಗ ಊರು ಇನ್ನೂ ಎರಡು ಕಿಲೋಮೀಟರ್ ಇದೆ ಅನ್ನುವಾಗಲೇ ನಮ್ಮ ಗಾಡಿ ಎರೆ ಮಣ್ಣಿನಲ್ಲಿ ಹೂತುಕೊಂಡಿತು. ಆ ಮಣ್ಣು ಒದ್ದೆಯಾದರೆ ಅಂಟಿನ ಹಾಗೆ. ಚಪ್ಪಲಿ ಇಟ್ಟರೆ ಚಪ್ಪಲಿ ಅಲ್ಲೇ, ಕಾಲು ಮಾತ್ರ ಮೇಲೆ. ಕೊನೆಗೆ ಒಂದು ಟ್ರ್ಯಾಕ್ಟರ್ ಬಂದು ನಮ್ಮನ್ನು ಎಳೆದು ಹಾಕಿತು. ಓಡಿಸುತ್ತಿದ್ದವರು ಹಿಂದಿನ ವಾರ ಮನೆ ಕಳೆದುಕೊಂಡವರು. ಸಹಾಯ ಮಾಡೋಕೆ ಹೋದವರು ಮೊದಲು ಸಹಾಯ ಪಡೆದೆವು. ನಾಚಿಕೆ ಆಯ್ತು.

ಅದೇ ಊರಿನ ಕಾಕಾ ಒಬ್ಬರು ಕಟ್ಟೆ ಮೇಲೆ ಕೂತು ನಗುತ್ತಾ ಹೇಳಿದ್ದರು: "ಹೊಳಿ ಬಂದದ್ದು ನಾಕ ದಿನ. ಅದರ ಹಿಂದ ಬಂದ ಮಂದಿನ ಬಾಳ ಆತು."

ಹಾಗಾದ್ರೆ ಯಾವಾಗ ಬರಬೇಕು?

ಎರಡನೇ ತಿಂಗಳು. ಮೊದಲ ವಾರ ಬಿಸ್ಕತ್ತು, ನೀರಿನ ಬಾಟಲಿ, ಕ್ಯಾಮೆರಾ ಎಲ್ಲವೂ ಬರುತ್ತವೆ. ಮೂರನೇ ವಾರಕ್ಕೆ ಟಿವಿಯವರು ಬೇರೆ ಸುದ್ದಿಗೆ ಹೋಗುತ್ತಾರೆ. ಗಂಜಿ ಕೇಂದ್ರ ಮುಚ್ಚುತ್ತದೆ. ಜನ ಮನೆಗೆ ಹೋಗಿ ನೋಡಿದರೆ ಅಲ್ಲಿ ಮನೆಯೇ ಇರುವುದಿಲ್ಲ. ಇದ್ದರೂ ಮೊಣಕಾಲುದ್ದ ಹೂಳು. ನಿಜವಾಗಿ ಕೈ ಬೇಕಾಗುವುದು ಆವಾಗ. ಆವಾಗಲೇ ಯಾರೂ ಇರುವುದಿಲ್ಲ.

2019ರಲ್ಲಿ ಅಲ್ಲಿ ಅಷ್ಟೊಂದು ಹಾನಿ ಆಗಿದ್ದು ಹೇಗೆ? ಅದು ಬರದ ಸೀಮೆ ಅಲ್ವಾ?

ಹೌದು, ಹಿಂದಿನ ವರ್ಷ ಬರ ಕಂಡಿದ್ದ ಹಳ್ಳಿಗಳೇ ಮುಳುಗಿದ್ದು. ಮಳೆ ಸುರಿದಿದ್ದು ಹೆಚ್ಚಾಗಿ ಸಹ್ಯಾದ್ರಿಯಲ್ಲಿ, ಮಹಾರಾಷ್ಟ್ರದ ಕೃಷ್ಣಾ ಕೊಳ್ಳದಲ್ಲಿ. ಅಲ್ಲಿಂದ ಕೃಷ್ಣೆ ತುಂಬಿ ಬಂದಳು. ಇತ್ತ ಘಟಪ್ರಭೆಯ ಹಿಡಕಲ್, ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟುಗಳೂ ತುಂಬಿದವು. ನವಿಲುತೀರ್ಥ ಹಿಡಿಯುವುದೇ 37 ಟಿಎಂಸಿ ಚಿಲ್ಲರೆ. ತುಂಬಿದ ಮೇಲೆ ಬಂದಷ್ಟನ್ನೂ ಕೆಳಗೆ ಬಿಡಲೇಬೇಕು. ಕೆಳಗೆ ಕೊಣ್ಣೂರು, ಹೊಳೆಆಲೂರು ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಪಟ್ಟದಕಲ್ಲಿನ ದೇವಸ್ಥಾನಗಳ ಅಂಗಳಕ್ಕೂ ಬಂತು. ರಾಜ್ಯದ 22 ಜಿಲ್ಲೆಗಳ 103 ತಾಲ್ಲೂಕುಗಳನ್ನು ನೆರೆಪೀಡಿತ ಎಂದು ಸರ್ಕಾರ ಘೋಷಿಸಿತು. ಹತ್ತು ವರ್ಷ ಹಿಂದೆ, 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನಲ್ಲಿ ಬಂದ ನೆರೆಯಲ್ಲಿ 200ಕ್ಕೂ ಹೆಚ್ಚು ಜನ ಸತ್ತಿದ್ದರು. ಹಾಗಾಗಿ ಅಲ್ಲಿಯ ದೊಡ್ಡವರಿಗೆ ಇದು ಎರಡನೇ ಸಲ.

ಯಾರನ್ನು ಕೇಳಿ ಹೋಗಬೇಕು?

ಜಿಲ್ಲೆಯ ನಿಯಂತ್ರಣ ಕೊಠಡಿ 1077. ಯಾವ ರಸ್ತೆ ಮುಚ್ಚಿದೆ, ಯಾವ ತಾಲ್ಲೂಕಿಗೆ ಏನು ಬೇಕು ಅಂತ ಅಲ್ಲಿ ತಿಳಿಯುತ್ತದೆ. ಆಮೇಲೆ ಆ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಒಂದು ಫೋನ್. ಆದರೆ ನನ್ನನ್ನು ಕೇಳಿದರೆ ಊರಿನ ಒಳಗಿನ ಸುದ್ದಿ ಸರಿಯಾಗಿ ಗೊತ್ತಿರುವುದು ಇಬ್ಬರಿಗೆ: ಆಶಾ ಕಾರ್ಯಕರ್ತೆಗೆ ಮತ್ತು ಶಾಲೆಯ ಮೇಷ್ಟ್ರಿಗೆ. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಸಕ್ಕರೆ ಕಾಯಿಲೆ, ಯಾವ ಮಗು ಶಾಲೆಗೆ ಬರುವುದು ನಿಲ್ಲಿಸಿದೆ, ಎಲ್ಲ ಅವರಿಗೆ ಬಾಯಿಪಾಠ.

ಹಳೇ ಬಟ್ಟೆ ತರಬಹುದಾ?

ದಯವಿಟ್ಟು ತರಬೇಡಿ.

ಇದಕ್ಕೆ ಬೇಜಾರಾಗುವವರು ಇದ್ದಾರೆ, ಗೊತ್ತು. ಆದರೆ ನಾವು ಕಣ್ಣಾರೆ ನೋಡಿದ್ದು ಹೇಳ್ತೀನಿ. ಶಾಲೆಯ ಒಂದು ಕೋಣೆ ತುಂಬ ಬಟ್ಟೆ. ಜಿಪ್ ಹೋದ ಜೀನ್ಸ್, ಹುಕ್ ಕಿತ್ತ ಕುಪ್ಪಸ, ಮದುವೆಗೆ ಹೊಲಿಸಿದ್ದ ಕೋಟು, ಒಂದೇ ಕಾಲಿನ ಸಾಕ್ಸ್. ಅದನ್ನು ಬೇರ್ಪಡಿಸಲು ನಾಲ್ಕು ಜನ ಎರಡು ದಿನ ಕೂತೆವು. ಕೊನೆಗೆ ಉಪಯೋಗಕ್ಕೆ ಬಂದಿದ್ದು ಸ್ವಲ್ಪ. ಉಳಿದದ್ದು ಮಳೆಗೆ ನೆನೆದು ನಾರತೊಡಗಿತು. ಆ ಕೋಣೆ ಖಾಲಿ ಆಗುವವರೆಗೂ ಐದನೇ ತರಗತಿ ಮಕ್ಕಳು ವರಾಂಡದಲ್ಲಿ ಕೂತರು. ಅಲ್ಲೊಬ್ಬ ಅಕ್ಕ ಒಂದು ಮಾತು ಹೇಳಿದಳು: "ನಾವು ಮನಿ ಕಳಕೊಂಡೀವ್ರಿ, ಮಾನ ಕಳಕೊಂಡಿಲ್ಲ." ಅಷ್ಟು ಸಾಕು.

ಮತ್ತೆ ಏನು ತರಬೇಕು?

ಕೇಳಿ ತನ್ನಿ. ಊರಿಂದ ಊರಿಗೆ ಬೇರೆ. ನಮ್ಮ ಕಡೆ ಕೆಲಸಕ್ಕೆ ಬಂದದ್ದು ಸಲಿಕೆ, ಪುಟ್ಟಿ, ಗಂಬೂಟು, ಉದ್ದ ಹಿಡಿಕೆಯ ಪೊರಕೆ, ತಾಡಪಾಲು, ಸೊಳ್ಳೆ ಪರದೆ, ಹೊಸ ಒಳ ಉಡುಪು, ಪ್ಯಾಡು, ಟಾರ್ಚು. ಹೆಂಗಸರು ಕೇಳಿದ ಮೊದಲ ವಸ್ತು ರೊಟ್ಟಿ ಹಂಚು. ನಮ್ಮ ತಲೆಗೇ ಹೊಳೆದಿರಲಿಲ್ಲ. ಗಂಡಸರು ಕೇಳಿದ್ದು ಮೇವು. ಬಣವೆಗೆ ಬಣವೆಯೇ ತೇಲಿ ಹೋಗಿತ್ತು. ಮನುಷ್ಯರಿಗೆ ಯಾರಾದರೂ ಅನ್ನ ಹಾಕುತ್ತಾರೆ, ಎತ್ತಿಗೆ ಯಾರು ಹಾಕುತ್ತಾರೆ?

ಒಂದು ವಿಷಯ ಒಪ್ಪಿಕೊಳ್ಳಬೇಕು. ಆ ಸಲ ಸುತ್ತಲಿನ ಜಿಲ್ಲೆಗಳ ಹಳ್ಳಿಗಳಿಂದ ಬಂದ ಒಣ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಚೀಲಗಳಷ್ಟು ಸರಿಯಾದ ಸಾಮಾನು ನಾವು ಯಾರೂ ತಂದಿರಲಿಲ್ಲ. ಕೆಡುವುದಿಲ್ಲ, ಬೇಯಿಸುವುದು ಬೇಡ, ತಿನ್ನುವವರಿಗೆ ರೂಢಿ ಇರುವ ಊಟ. ನಾವು ತಂದದ್ದು ಬ್ರೆಡ್ಡು. ಮೂರನೇ ದಿನಕ್ಕೆ ಬೂಷ್ಟು ಹಿಡಿಯಿತು.

ಅಲ್ಲಿ ನಿಜವಾಗಿ ಏನು ಕೆಲಸ ಇರುತ್ತೆ?

ಹೂಳು ತೆಗೆಯುವುದು. ಹೇಳೋಕೆ ಎರಡು ಪದ. ಮಾಡೋಕೆ ಕೂತರೆ ಬೆನ್ನು ಬೀಳುತ್ತದೆ.

ಹೊಳೆ ನೀರು ಸುಮ್ನೆ ಬಂದು ಹೋಗುವುದಿಲ್ಲ, ಮಣ್ಣು ಬಿಟ್ಟು ಹೋಗುತ್ತದೆ. ಹಸಿ ಇದ್ದಾಗ ಸಲಿಕೆಗೆ ಅಂಟುತ್ತದೆ. ಪೂರ್ತಿ ಒಣಗಿದರೆ ಇಟ್ಟಿಗೆ ಹಾಗೆ ಗಟ್ಟಿ. ಎರಡರ ನಡುವೆ ಎರಡು ಮೂರು ದಿನ ಸಿಗುತ್ತದಲ್ಲ, ಆಗ ಬಾಗಿಲ ಕಡೆಯಿಂದ ಒಳಗೆ ಕತ್ತರಿಸುತ್ತಾ ಹೋಗಬೇಕು. ಸಾಲಾಗಿ ನಿಂತು ಪುಟ್ಟಿ ಕೈಯಿಂದ ಕೈಗೆ ದಾಟಿಸಬೇಕು. ಎಲ್ಲೆಂದರಲ್ಲಿ ಸುರಿಯುವ ಹಾಗಿಲ್ಲ. ಚರಂಡಿಗೆ ಸುರಿದರೆ ಮುಂದಿನ ಮಳೆಗೆ ಅದೇ ಮನೆಗೆ ನೀರು.

ಹೂಳಿನ ಒಳಗೆ ಸಂಸಾರ ಇರುತ್ತದೆ. ಹಿತ್ತಾಳೆ ಕೊಡ, ದೇವರ ಫೋಟೋ, ಮಗುವಿನ ಗೆಜ್ಜೆ. ಅದಕ್ಕೇ ನಮ್ಮಲ್ಲಿ ಒಂದು ನಿಯಮ: ಆ ಮನೆಯವರು ಒಬ್ಬರಾದರೂ ಪಕ್ಕದಲ್ಲಿ ಇಲ್ಲದೆ ಸಲಿಕೆ ಹಾಕುವ ಹಾಗಿಲ್ಲ. ಯಾವುದು ಕಸ, ಯಾವುದು ಅಲ್ಲ ಅಂತ ನಮಗೆ ಗೊತ್ತಾಗುವುದಿಲ್ಲ. ನಮ್ಮ ಹುಡುಗನೊಬ್ಬ ಕೊಳೆತ ಕಟ್ಟಿಗೆ ಅಂತ ಒಂದು ತುಂಡನ್ನು ಹೊರಗೆ ಎಸೆದ. ಅದು ಅವರ ಮುತ್ತಜ್ಜನ ಕಾಲದ ಬಾಗಿಲ ಚೌಕಟ್ಟಿನ ಭಾಗ. ಮನೆಯ ಯಜಮಾನ ಬೈಯಲಿಲ್ಲ. ಹೋಗಿ ಎತ್ತಿಕೊಂಡು ಬಂದು, ಪಂಚೆಯಲ್ಲಿ ಒರೆಸಿ, ಗೋಡೆಗೆ ಒರಗಿಸಿದರು. ಅಂಥ ಮನೆಗಳ ಕಂಬ, ತೊಲೆ, ಚೌಕಟ್ಟು ತೊಳೆದು ನೆರಳಿನಲ್ಲಿ ಒಣಗಿಸಿದರೆ ಹೊಸ ಮನೆಗೆ ಬರುತ್ತವೆ. ಜೆಸಿಬಿ ಕೈಗೆ ಕೊಟ್ಟರೆ ಒಂದು ಗಂಟೆಯಲ್ಲಿ ಸೌದೆ.

ಇನ್ನು ಹಗೇವು. ನೆಲದೊಳಗೆ ಜೋಳ ತುಂಬಿಡುವ ಗುಂಡಿ. ಅದರೊಳಗೆ ನೀರು ಹೋಗಿ ಜೋಳ ಕೊಳೆತರೆ ಅದರ ವಾಸನೆ ಇಡೀ ಓಣಿಗೆ. ಹಗೇವಿಗೆ ಮಾತ್ರ ಗೊತ್ತಿಲ್ಲದೆ ಇಳಿಯಬೇಡಿ. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ, ಇಳಿದವರು ಅಲ್ಲೇ ಬೀಳುತ್ತಾರೆ. ಅದು ಊರಿನ ಅನುಭವಸ್ಥರ ಕೆಲಸ. ಅವರೂ ದಿನಗಟ್ಟಲೆ ಬಾಯಿ ತೆರೆದಿಟ್ಟ ಮೇಲೇ ಅದರ ಹತ್ತಿರ ಹೋಗುತ್ತಾರೆ.

ನೀರು ಇಳಿದಿದೆ, ಮನೆ ನಿಂತಿದೆ. ಒಳಗೆ ಹೋಗಬಹುದಾ?

ಮಣ್ಣಿನ ಗೋಡೆಯನ್ನು ನಂಬಬೇಡಿ. ನೆರೆಯಲ್ಲಿ ನಿಂತ ಗೋಡೆ ಬಿಸಿಲು ಬಂದ ಮೇಲೆ ಬೀಳುತ್ತದೆ. ಬುಡ ನೀರು ಕುಡಿದು ಮೆತ್ತಗಾಗಿರುತ್ತದೆ, ಮೇಲೆ ಮಾಳಿಗೆಯ ಮಣ್ಣಿನ ಭಾರ ಹಾಗೇ ಇರುತ್ತದೆ. ಎಷ್ಟೋ ಮನೆ ಬಿದ್ದದ್ದು ಹೊಳೆ ಹಿಂದೆ ಸರಿದ ವಾರದ ಮೇಲೆ. ಗೋಡೆಯ ಬುಡದಲ್ಲಿ ಮಣ್ಣು ಉದುರುತ್ತಿದ್ದರೆ, ಬಾಗಿಲು ಇದ್ದಕ್ಕಿದ್ದ ಹಾಗೆ ಬಿಗಿಯಾಗಿದ್ದರೆ ಒಳಗೆ ಕಾಲಿಡಬೇಡಿ. ಲೈನ್‌ಮನ್ ನೋಡಿ ಹೇಳುವವರೆಗೆ ಕರೆಂಟಿನ ಮೇನ್ ಹಾಕಬೇಡಿ.

ಬಾವಿ ನೀರು ಶುದ್ಧ ಮಾಡೋದು ಹೇಗೆ?

ಬ್ಲೀಚಿಂಗ್ ಪೌಡರ್ ಪ್ಯಾಕೆಟ್ ಹರಿದು ಬಾವಿಗೆ ಸುರಿಯುವುದು ಸರಿಯಾದ ಕ್ರಮ ಅಲ್ಲ. ನಾವೂ ಹಾಗೇ ಮಾಡಲು ಹೋಗಿದ್ದೆವು. ಪ್ರಾಥಮಿಕ ಆರೋಗ್ಯ ಕೇಂದ್ರದ ಹಿರಿಯರೊಬ್ಬರು ಕೈ ಹಿಡಿದು ನಿಲ್ಲಿಸಿ ಕಲಿಸಿದರು.

ಮೊದಲು ಲೆಕ್ಕ. ಬಾವಿಯ ಅಡ್ಡಳತೆ 3 ಮೀಟರ್, ನೀರಿನ ಆಳ 4 ಮೀಟರ್ ಅಂದುಕೊಳ್ಳಿ. ಮೂರನ್ನು ಮೂರರಿಂದ ಗುಣಿಸಿ, ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, ನಾಲ್ಕರಿಂದ ಭಾಗಿಸಿ. 28 ಘನ ಮೀಟರ್ ಚಿಲ್ಲರೆ, ಅಂದರೆ 28 ಸಾವಿರ ಲೀಟರ್. ಸಾವಿರ ಲೀಟರ್‌ಗೆ ಒಳ್ಳೆ ಪೌಡರ್ ಎರಡೂವರೆ ಗ್ರಾಂ. ಒಟ್ಟು 70 ಗ್ರಾಂ. ಇಷ್ಟು ದೊಡ್ಡ ಬಾವಿಗೆ ಒಂದು ಹಿಡಿಯಷ್ಟು ಪೌಡರ್ ಸಾಕಾ ಅಂತ ಎಲ್ಲರಿಗೂ ಅನುಮಾನ ಬರುತ್ತದೆ. ನಮಗೂ ಬಂದಿತ್ತು.

ಪೌಡರನ್ನು ಬಕೆಟ್‌ಗೆ ಹಾಕಿ, ಸ್ವಲ್ಪ ನೀರಲ್ಲಿ ಬಜ್ಜಿ ಹಿಟ್ಟಿನ ಹಾಗೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ಹಾಕಿ ಕದಡಿ ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಗ್ಗಿಸಿಕೊಳ್ಳಿ. ತಳದ ಸುಣ್ಣ ಬಾವಿಗೆ ಹೋಗಬಾರದು, ನೀರು ಗಡಸಾಗುತ್ತದೆ. ತಿಳಿ ಇರುವ ಬಕೆಟ್ಟನ್ನು ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ, ಆಚೆ ಈಚೆ ಜೋರಾಗಿ ಆಡಿಸಬೇಕು. ಒಂದು ಗಂಟೆ ಬಿಟ್ಟು ಕ್ಲೋರಿನ್ ಪರೀಕ್ಷೆ ಮಾಡಿಸಿ, ಆಮೇಲೆ ಬಳಕೆ.

ಇದು ಮಾಮೂಲಿ ಬಾವಿಯ ಲೆಕ್ಕ. ಹೊಳೆ ನೀರು ನುಗ್ಗಿದ ಬಾವಿಗೆ ಇಷ್ಟು ಸಾಲದು. ಸುತ್ತಲಿನ ನೆಲ ಆರಿದ ಮೇಲೆ ಪಂಪ್ ಹಚ್ಚಿ ಆ ನೀರು ತೆಗೆದು, ಹೂಳು ಎತ್ತಿ, ಆರೋಗ್ಯ ಇಲಾಖೆಯವರು ಹೇಳಿದ ಪ್ರಮಾಣದಲ್ಲಿ ಹಾಕಬೇಕು. ನೆಲ ಇನ್ನೂ ನೆಂದಿರುವಾಗಲೇ ಬಾವಿ ಖಾಲಿ ಮಾಡಿದರೆ ಗೋಡೆ ಒಳಕ್ಕೆ ಕುಸಿಯುತ್ತದೆ.

ನಮ್ಮ ಆರೋಗ್ಯದ ಕಥೆ?

ಹೊರಡುವ ಮೊದಲು ಧನುರ್ವಾಯು ತಡೆಯುವ ಚುಚ್ಚುಮದ್ದು ಹಾಕಿಸಿಕೊಳ್ಳಿ. ಇಲಿ ಜ್ವರದ ಬಗ್ಗೆ ವೈದ್ಯರನ್ನು ಕೇಳಿ. ಇಲಿ ಮೂತ್ರ ಬೆರೆತ ಕೆಸರು ಕಾಲಿನ ಗಾಯಕ್ಕೆ ತಗುಲಿದರೆ ಸಾಕು, ಆ ಜ್ವರ ಬರುತ್ತದೆ. ಹಾಗಾಗಿ ಗಂಬೂಟು ಬಿಚ್ಚಬೇಡಿ. ಹಾವುಗಳೂ ನೆರೆ ಸಂತ್ರಸ್ತರೇ, ಒಣ ಜಾಗ ಹುಡುಕಿ ಮನೆಯೊಳಗೆ ಸೇರಿರುತ್ತವೆ. ಮಂಚದ ಕೆಳಗೆ, ಹಂಚಿನ ರಾಶಿಗೆ ಬರಿಗೈ ಹಾಕಬೇಡಿ. ಕಚ್ಚಿದರೆ ನಾಟಿ ಔಷಧ ಬೇಡ, ನೇರ ಆಸ್ಪತ್ರೆಗೆ.

ನನಗೆ ಸಲಿಕೆ ಹಿಡಿದು ಗೊತ್ತಿಲ್ಲ, ಕಂಪ್ಯೂಟರ್ ಕೆಲಸ ಅಷ್ಟೇ. ಬಂದರೆ ಪ್ರಯೋಜನ ಇದೆಯಾ?

ನಿಮಗಾಗಿಯೇ ಕಾಯ್ತಿದ್ದೇವೆ. ನನ್ನ ಅಭಿಪ್ರಾಯದಲ್ಲಿ ಒಂದು ಊರನ್ನು ಮತ್ತೆ ಎಬ್ಬಿಸುವುದರಲ್ಲಿ ಅರ್ಧ ಕೆಲಸ ಕಾಗದದ್ದು.

2019ರಲ್ಲಿ ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಪೂರ್ತಿ ಬಿದ್ದಿದ್ದು ಎ, 5 ಲಕ್ಷ. ಸ್ವಲ್ಪ ಹಾನಿಯಾಗಿದ್ದು ಸಿ, 50 ಸಾವಿರ. ನಡುವಿನದು ಬಿ. ಒಂದು ಅಕ್ಷರದಲ್ಲಿ ಎಷ್ಟು ವ್ಯತ್ಯಾಸ ನೋಡಿ. ಸರ್ವೆಯವರು ಬಂದ ದಿನ ಮನೆ ನಿಂತಿತ್ತು, ಸಿ ಅಂತ ಬರೆದರು. ಹತ್ತು ದಿನ ಬಿಟ್ಟು ಗೋಡೆ ಒಣಗಿ ಬಿತ್ತು. ಈಗ ಅದನ್ನು ಎ ಮಾಡಿಸಬೇಕು. ಅರ್ಜಿ ಬರೆಯಬೇಕು, ಫೋಟೋ ಹಚ್ಚಬೇಕು, ತಹಶೀಲ್ದಾರ್ ಕಚೇರಿಗೆ ಕೊಟ್ಟು ಸ್ವೀಕೃತಿ ತರಬೇಕು, ಮತ್ತೆ ಪಂಚನಾಮೆ ಆಗಬೇಕು. ಕೂಲಿ ಬಿಟ್ಟು ಇದಕ್ಕೆಲ್ಲ ಓಡಾಡಲು ಎಷ್ಟು ಜನರಿಗೆ ಆಗುತ್ತದೆ?

ಇನ್ನೊಂದು ತೊಡಕು ಉತಾರದ್ದು, ಅಂದರೆ ಮನೆ ಯಾರ ಹೆಸರಿನಲ್ಲಿದೆ ಅನ್ನುವ ದಾಖಲೆಯದ್ದು. ಮನೆ ಇನ್ನೂ ಅಜ್ಜನ ಹೆಸರಿನಲ್ಲೇ ಇರುತ್ತದೆ. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷ. ಒಳಗೆ ಮೂವರು ಅಣ್ಣತಮ್ಮಂದಿರು, ಮೂರು ಒಲೆ, ಮೂರು ರೇಷನ್ ಕಾರ್ಡ್. ಬಿದ್ದದ್ದು ಮೂರು ಸಂಸಾರದ ಮನೆ, ದಾಖಲೆಯಲ್ಲಿ ಒಂದೇ ಮನೆ. ಪರಿಹಾರ ಯಾರ ಖಾತೆಗೆ? ಇಂಥ ಕಡೆ ಹೊರಗಿನವರು ತೀರ್ಪು ಕೊಡೋಕೆ ಹೋಗಬಾರದು. ಮೂವರನ್ನೂ ಒಂದೇ ಜಮಖಾನೆ ಮೇಲೆ ಕೂರಿಸಿ, ಒಪ್ಪಿಗೆ ಆದರೆ ಬರೆದುಕೊಡಿ. ಆಗದಿದ್ದರೆ ಎದ್ದು ಬನ್ನಿ.

ಕಾಗದ ಇದ್ದವರ ಕಾಗದವೂ ಒದ್ದೆ. ಆಧಾರ್, ಪಾಸ್‌ಬುಕ್, ಅಂಕಪಟ್ಟಿ ಎಲ್ಲ ಮುದ್ದೆ. ಒದ್ದೆ ಕಾಗದವನ್ನು ಬಿಸಿಲಿಗೆ ಹಾಕಬೇಡಿ, ಎಳೆದು ಬಿಡಿಸಲೂ ಬೇಡಿ. ಹಳೇ ಪತ್ರಿಕೆಯ ಹಾಳೆಗಳ ನಡುವೆ ಇಟ್ಟು ನೆರಳಲ್ಲಿ ಒಣಗಿಸಿ, ಮೊಬೈಲ್‌ನಲ್ಲಿ ಫೋಟೋ ತೆಗೆದು ಅವರಿಗೇ ಕೊಡಿ. ನಮ್ಮಲ್ಲಿ ಒಬ್ಬಳು ಅಕೌಂಟೆಂಟ್ ಇದ್ದಳು. ಒಂದು ದಿನವೂ ಸಲಿಕೆ ಮುಟ್ಟಲಿಲ್ಲ. ದೇವಸ್ಥಾನದ ಕಟ್ಟೆ ಮೇಲೆ ಕೂತು ಅರ್ಜಿ ಬರೆದಳು, ಅಷ್ಟೇ. ಊರಲ್ಲಿ ಇವತ್ತಿಗೂ ನಮ್ಮ ಪೈಕಿ ಹೆಸರು ಹಿಡಿದು ಕೇಳುವುದು ಅವಳೊಬ್ಬಳನ್ನೇ.

ಮನೆ ಕಟ್ಟುವ ದುಡ್ಡೂ ಒಂದೇ ಗಂಟಿನಲ್ಲಿ ಬರುವುದಿಲ್ಲ. ಅಡಿಪಾಯ, ಲಿಂಟಲ್, ಛಾವಣಿ ಅಂತ ಹಂತ ಹಂತವಾಗಿ, ಪ್ರತಿ ಹಂತಕ್ಕೂ ಜಿಪಿಎಸ್ ಫೋಟೋ ಏರಿದ ಮೇಲೆ ಕಂತು. ಮೊದಲ ಕಂತಿಗಿಂತ ಮೊದಲು ಅಡಿಪಾಯ ಹಾಕಲು ದುಡ್ಡು ಎಲ್ಲಿಂದ? ಬಡ್ಡಿ ಸಾಲ. ನೀವು ಕೊಡುವ 20 ಸಾವಿರ ಆ ಜಾಗದಲ್ಲಿ ಬಿದ್ದರೆ ಎರಡು ಲಕ್ಷದ ಕೆಲಸ ಮಾಡುತ್ತದೆ.

ನಮ್ಮ ಕಂಪನಿಯವರು ಸೇರಿ ಒಂದು ಹೊಸ ಊರನ್ನೇ ಕಟ್ಟಿಸಿಕೊಡ್ತೇವೆ ಅಂತಿದ್ದಾರೆ. ಒಳ್ಳೇದಲ್ವಾ?

ಉದ್ದೇಶ ಒಳ್ಳೇದು. ಆದರೆ ಮೊದಲು 2009ರ ಆಸರೆ ಮನೆಗಳನ್ನು ಒಮ್ಮೆ ನೋಡಿ ಬನ್ನಿ.

ಆಗಿನ ನೆರೆ ಆದ ಮೇಲೆ ಆಸರೆ ಯೋಜನೆಯಲ್ಲಿ ಊರುಗಳನ್ನು ಎತ್ತರದ ಜಾಗಕ್ಕೆ ಸ್ಥಳಾಂತರಿಸಲು ಸಾಲು ಸಾಲು ಮನೆ ಕಟ್ಟಿದರು. ದಾನಿಗಳು, ಕಂಪನಿಗಳು, ಮಠಗಳು ಕೈ ಬಿಚ್ಚಿ ಕೊಟ್ಟರು. ಎಷ್ಟೋ ಕಡೆ ಆ ಮನೆಗಳು ಖಾಲಿ ಬಿದ್ದವು. ಸುತ್ತ ಜಾಲಿ ಬೆಳೆಯಿತು. ಜನ ಹೊಳೆ ದಂಡೆಯ ಹಳೇ ಊರಲ್ಲೇ ಉಳಿದರು, 2019ರಲ್ಲಿ ಮತ್ತೆ ಮುಳುಗಿದರು. ಪೇಟೆಯಲ್ಲಿ ಕೂತು "ಕೊಟ್ಟರೂ ಹೋಗಲಿಲ್ಲ, ಏನು ಜನ" ಅನ್ನುವುದು ಸುಲಭ.

ನಾನೂ ಹಾಗೇ ಅಂದುಕೊಂಡಿದ್ದೆ. ಒಬ್ಬ ರೈತರು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಒಂದು ಮನೆ ಮುಂದೆ ನಿಲ್ಲಿಸಿದರು. "ಎತ್ತು ಎಲ್ಲಿ ಕಟ್ಟಲಿ ಹೇಳ್ರಿ?" ಅಂದರು. ಆ ಸೀಮೆಯ ಹಳೇ ಮನೆಯಲ್ಲಿ ತಲಬಾಗಿಲು ದಾಟಿದ ಕೂಡಲೇ ಗ್ವಾದಲಿ, ಎತ್ತು ಕಟ್ಟುವ ಜಾಗ. ಅದರಾಚೆ ಕಟ್ಟೆ ಮೇಲೆ ಮನುಷ್ಯರು. ದನ, ಜನ ಒಂದೇ ಸೂರಿನಡಿ. ಇಲ್ಲಿ ಎರಡು ಪುಟ್ಟ ಕೋಣೆ. ಬಣವೆ ಒಟ್ಟಲು ಜಾಗವಿಲ್ಲ. ಹೊಲ ಮೂರು ಕಿಲೋಮೀಟರ್ ದೂರ. ಕೆಳಗೆ ಎರೆ ಭೂಮಿ, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅಡಿಪಾಯ ಸಾಕಷ್ಟು ಆಳ ಇಲ್ಲದಿದ್ದರೆ ಗೋಡೆಯಲ್ಲಿ ಕೈ ತೂರಿಸುವಷ್ಟು ಬಿರುಕು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಮನೆ ಯಾರು ಕಟ್ಟಬೇಕು ಅನ್ನುವುದರಲ್ಲೇ ವ್ಯತ್ಯಾಸ ಇದೆ. 2001ರ ಜನವರಿ 26ರ ಭೂಕಂಪದ ನಂತರ ಗುಜರಾತಿನ ಕಛ್ ಪ್ರದೇಶದಲ್ಲಿ ಹೆಚ್ಚಿನ ಕಡೆ ದುಡ್ಡನ್ನು ಕಂತಿನಲ್ಲಿ ಮನೆಯವರ ಕೈಗೇ ಕೊಟ್ಟು, ಎಂಜಿನಿಯರುಗಳು ಜೊತೆಗೆ ನಿಂತರು. ನಕ್ಷೆ ಮನೆಯವರದು, ಗಟ್ಟಿತನದ ನಿಯಮ ಎಂಜಿನಿಯರದು. ನಿಮ್ಮ ಕಂಪನಿಯಲ್ಲಿ ದುಡ್ಡಿದ್ದರೆ ಹಾಗೆ ಬಳಸಿ. ಒಬ್ಬ ಒಳ್ಳೆ ಸೈಟ್ ಎಂಜಿನಿಯರ್‌ಗೆ ಒಂದು ವರ್ಷ ಸಂಬಳ ಕೊಟ್ಟು ಊರಲ್ಲಿ ಇರಿಸಿ. ಊರ ಮುಂದೆ ಕಂಪನಿ ಹೆಸರಿನ ಕಮಾನು ಎದ್ದು ನಿಲ್ಲುವುದಿಲ್ಲ, ಅದೊಂದು ನಷ್ಟ.

ಕೊಡಗಿನಲ್ಲೂ ಹೀಗೇನಾ?

ಇಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಹೋಗಿದ್ದು ಮನೆ ಮಾತ್ರ ಅಲ್ಲ, ಮನೆ ನಿಂತಿದ್ದ ಜಾಗವೇ ಜಾರಿ ಹೋಯಿತು. ಮತ್ತೆ ಅಲ್ಲೇ ಕಟ್ಟಿ ಅನ್ನುವ ಹಾಗಿಲ್ಲ. ಹಾಗಾಗಿ ಜಂಬೂರು, ಮದೆನಾಡು, ಕರ್ಣಂಗೇರಿಯಂಥ ಕಡೆ ಹೊಸ ಬಡಾವಣೆ ಮಾಡಲೇಬೇಕಾಯಿತು. ಅಲ್ಲಿ ಕೇಳಬೇಕಾದ ಪ್ರಶ್ನೆ ಕೆಲಸದ್ದು. ತೋಟದ ಪಕ್ಕದಲ್ಲೇ ಇದ್ದವರು ಈಗ ತೋಟಕ್ಕೆ ಹೋಗುವುದು ಹೇಗೆ, ಬಸ್ಸು ಎಷ್ಟು ಗಂಟೆಗೆ ಅಂತ.

ತಂದ ಸಾಮಾನು ಎಲ್ಲರಿಗೂ ಸೇರಿತಾ ಅಂತ ತಿಳಿಯೋದು ಹೇಗೆ?

ಊರ ಮುಂದಿನ ಕಟ್ಟೆಯಲ್ಲಿ ಲಾರಿ ನಿಲ್ಲಿಸಿ ಹಂಚಿದರೆ ಮುಂದಿನ ಓಣಿಯವರಿಗೇ ಮೂರು ಸಲ ಸಿಗುತ್ತದೆ. ಕೊನೆಯ ಕೇರಿಯವರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಲಾರಿ ಖಾಲಿ. ಆ ಕೊನೆಯ ಕೇರಿ ಯಾರದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸಾಮಾನ್ಯವಾಗಿ ತಗ್ಗಿನಲ್ಲಿ ಇರುವುದೂ ಅವರ ಮನೆಗಳೇ, ಮೊದಲು ಮುಳುಗುವುದೂ ಅವೇ. ನಾವು ಎರಡನೇ ಸಲದಿಂದ ಲಾರಿಯನ್ನು ಅಲ್ಲಿಂದಲೇ ಶುರು ಮಾಡಿದೆವು. ಊರಲ್ಲಿ ಕೆಲವರಿಗೆ ಇಷ್ಟ ಆಗಲಿಲ್ಲ. ಆಗದಿದ್ದರೆ ಬೇಡ.

ಹಣ ಕೊಟ್ಟರೆ ಸಾಲದಾ?

ಸಾಕು. ಎಷ್ಟೋ ಸಲ ಅದೇ ಮೇಲು. ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟರೆ, ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ತೆರಿಗೆ ವಿನಾಯಿತಿಯೂ ಇದೆ. ಗುಂಪುಗಳಿಗೆ ಕೊಡುವುದಾದರೆ ಖರ್ಚಿನ ಲೆಕ್ಕ ಕೇಳಿ. ಕೇಳಿದ್ದಕ್ಕೆ ಸಿಟ್ಟು ಮಾಡಿಕೊಳ್ಳುವವರಿಗೆ ಕೊಡಬೇಡಿ. ನಾವು ಬಂದ ದುಡ್ಡು, ಹೋದ ದುಡ್ಡು ಎರಡನ್ನೂ ಶಾಲೆಯ ಕರಿಹಲಗೆ ಮೇಲೆ ಬರೆದಿಡುತ್ತಿದ್ದೆವು. ಒಂದು ಸಲ 340 ರೂಪಾಯಿ ವ್ಯತ್ಯಾಸವನ್ನು ಏಳನೇ ತರಗತಿ ಹುಡುಗನೊಬ್ಬ ಹಿಡಿದ.

ಫೋಟೋ ತೆಗೆಯಬಹುದಾ?

ಹೂಳಿನದು, ಗೋಡೆಯದು, ಅರ್ಜಿಯದು ತೆಗೆಯಿರಿ. ಅಕ್ಕಿ ಚೀಲ ತೆಗೆದುಕೊಳ್ಳುತ್ತಿರುವ ಕೈಯದು ಬೇಡ. ನಿಮ್ಮ ಮಗಳ ಮದುವೆ ಊಟಕ್ಕೆ ಬಂದಿದ್ದವರು ಅವರು ಅಂದುಕೊಳ್ಳಿ, ಆಮೇಲೆ ಕ್ಯಾಮೆರಾ ಎತ್ತಲು ಮನಸ್ಸು ಬರುತ್ತಾ ನೋಡಿ.

ಅವರ ಜೊತೆ ಏನು ಮಾತಾಡಬೇಕು ಅಂತಲೇ ತೋಚಲ್ಲ.

ಮಾತಾಡಬೇಡಿ, ಕೂತುಕೊಳ್ಳಿ. "ಹೋಗಲಿ ಬಿಡಿ, ಜೀವ ಉಳಿಯಿತಲ್ಲ" ಅನ್ನುವ ಮಾತು ಮಾತ್ರ ಬೇಡ. ಅದನ್ನು ಅವರು ಹೇಳಬಹುದು, ನಾವು ಹೇಳಬಾರದು. ನಿದ್ದೆ ಬಾರದೆ ತಿಂಗಳುಗಟ್ಟಲೆ ಒದ್ದಾಡುವವರು, ಮಳೆ ಹನಿ ಬಿದ್ದರೆ ನಡುಗುವ ಮಕ್ಕಳು ಇರುತ್ತಾರೆ. ಅವರಿಗೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಊಟ, ವಸತಿ?

ಅಕ್ಕಿ ಬೇಳೆ ನಿಮ್ಮದೇ ತನ್ನಿ, ಮಲಗಲು ಶಾಲೆ ಅಥವಾ ಗುಡಿ ಕೇಳಿ. ಆದರೆ ಯಾರಾದರೂ ಊಟಕ್ಕೆ ಕರೆದರೆ ಬೇಡ ಅನ್ನಬೇಡಿ. ನಮ್ಮ ತುಮಕೂರು ಕಡೆ ಮುಯ್ಯಾಳು ಅಂತ ಪದ್ಧತಿ. ನಿಮ್ಮ ಹೊಲಕ್ಕೆ ನಾನು ಒಂದು ದಿನ ಬಂದರೆ ನನ್ನ ಹೊಲಕ್ಕೆ ನೀವು ಒಂದು ದಿನ. ಕೂಲಿ ಇಲ್ಲ, ಊಟ ಹಾಕಲೇಬೇಕು. ಊಟ ಬೇಡ ಅಂದರೆ ನಿಮ್ಮ ಋಣ ನನಗೆ ಬೇಡ ಅಂದ ಹಾಗೆ. ಅಲ್ಲಿಯ ಜನರಿಗೂ ಅದು ಹಾಗೇ ತಾಗುತ್ತದೆ. ನಾವು ಮೊದಲ ವಾರ "ನಿಮಗೇ ಇಲ್ಲ, ನಮಗ್ಯಾಕೆ" ಅಂತ ಎದ್ದು ಬರುತ್ತಿದ್ದೆವು. ಎರಡನೇ ತಿಂಗಳು ಕೂತು ಉಂಡೆವು. ಆಮೇಲೇ ಅವರು ನಮಗೆ ಇಂಥದ್ದು ಮಾಡಿ, ಇದು ಬೇಡ ಅಂತ ಬಾಯಿಬಿಟ್ಟು ಹೇಳತೊಡಗಿದ್ದು.

ವಾಪಸ್ ಬಂದ ಮೇಲೆ ಸಂಪರ್ಕ ಇಟ್ಟುಕೊಳ್ಳಬೇಕಾ?

ನೀವು ಬಿಟ್ಟರೂ ಅವರು ಬಿಡುವುದಿಲ್ಲ. ವಯನಾಡಿನಲ್ಲಿ ಗುಡ್ಡ ಕುಸಿದ ವಾರ ಮಲಪ್ರಭಾ ದಂಡೆಯ ಆ ಊರಿನ ಅಜ್ಜಿಯೊಬ್ಬರು ಫೋನ್ ಮಾಡಿದರು. ಟಿವಿ ನೋಡಿದ್ದರು. ಓಣಿಯ ಹೆಂಗಸರೆಲ್ಲ ಸೇರಿ ಎರಡು ಚೀಲ ರೊಟ್ಟಿ ಬಡಿದು ಒಣಗಿಸಿ ಇಟ್ಟಿದ್ದಾರೆ, ಯಾವ ಬಸ್ಸಿಗೆ ಹಾಕಬೇಕು ಅಂತ ಕೇಳಿದರು. ನಾನು, "ಅಜ್ಜಿ, ಅದು ಕೇರಳ. ಅಲ್ಲಿ ಅನ್ನ ಉಣ್ಣೋ ಮಂದಿ, ರೊಟ್ಟಿ ರೂಢಿ ಇಲ್ಲ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹಂಗಾರ ಅವರಿಗೆ ಏನ ಬೇಕಂತ ಕೇಳಿ ಹೇಳು ತಮ್ಮಾ. ಅಲ್ಲೀತನಕ ಈ ರೊಟ್ಟಿ ನಾವ ಉಣ್ತೀವಿ."